ಚಿಕ್ಕಪೇಟೆ: ಕಾರು ನಿಲ್ಲಿಸಲು ಜಾಗ ಸಿಗದೆ ಗಿರಾಕಿಗಳು ಹೋಗುತ್ತಿದ್ದಾರೆ, ಏನು ಮಾಡೋಣ?

ಪೇಟೆ ಸೀರೆ ಅಂಗಡಿ:
ನಮ್ಮದು ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ ಅಂಗಡಿ, ಅಪ್ಪನ ಕಾಲದ್ದು. ಮೊನ್ನೆ ತುಮಕೂರಿನಿಂದ ಒಂದು ಕುಟುಂಬ ಮದುವೆ ಜವಳಿಗೆ ಬಂದಿತ್ತು. ಹೆಂಗಸರು ಒಳಗೆ ಕೂತು ಸೀರೆ ಬಿಚ್ಚಿಸಿ ನೋಡುತ್ತಿದ್ದಾರೆ. ಯಜಮಾನರು ಹೊರಗೆ ಕಾರಿನಲ್ಲಿ ಸುತ್ತು ಹೊಡೆಯುತ್ತಿದ್ದಾರೆ. ಮತ್ತೆ ಮತ್ತೆ ಫೋನ್. "ಆಯ್ತಾ? ಎಲ್ಲೂ ನಿಲ್ಲಿಸೋಕೆ ಬಿಡ್ತಿಲ್ಲ." ಕೊನೆಗೆ ಧಾರೆ ಸೀರೆ ಒಂದನ್ನೇ ತೆಗೆದುಕೊಂಡು ಎದ್ದರು. ಬೀಗರಿಗೆ ಉಡುಗೊರೆ ಕೊಡೋ ಸೀರೆಗಳನ್ನೆಲ್ಲ ಊರಲ್ಲೇ ನೋಡ್ಕೋತೀವಿ ಅಂದರು. ಸೀಸನ್‌ನಲ್ಲಿ ದಿನಾ ಹೀಗೇ ಆದರೆ ಹೊಟ್ಟೆ ಉರಿಯುತ್ತೆ.

ರಸ್ತೆ ಅಗಲ ಮಾಡಿ ಅಂತ ಕೇಳುವ ಹಾಗಿಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆ ಇದು, ಎತ್ತಿನ ಗಾಡಿಯ ಕಾಲದ ಬೀದಿಗಳು. ಫ್ರೀಡಂ ಪಾರ್ಕ್ ಪಕ್ಕ 2024ರಲ್ಲಿ ಬಹುಮಹಡಿ ಪಾರ್ಕಿಂಗ್ ತೆರೆದರು. ಐನೂರಕ್ಕೂ ಹೆಚ್ಚು ಕಾರು ಹಿಡಿಯುತ್ತೆ. ಆದರೆ ಅಲ್ಲಿಂದ ನಮ್ಮಲ್ಲಿಗೆ ಒಂದು ಕಿಲೋಮೀಟರ್‌ಗಿಂತ ಜಾಸ್ತಿ. ವಯಸ್ಸಾದವರನ್ನು ಕರೆದುಕೊಂಡು ಯಾರು ನಡೆಯುತ್ತಾರೆ? ನಮ್ಮ ಸಾಲಿನ ಅಂಗಡಿಯವರೇ ಸೇರಿ ಏನಾದರೂ ಮಾಡಬಹುದಾ?

ಜಯನಗರದ ಗಿರಾಕಿ:
2017ರಲ್ಲಿ ಮೆಟ್ರೊ ಹಸಿರು ಮಾರ್ಗ ಚಿಕ್ಕಪೇಟೆಗೆ ಬಂದಾಗಿನಿಂದ ನಾವು ಪೇಟೆಗೆ ಕಾರು ತರೋದೇ ಇಲ್ಲ. ಚಿಕ್ಕಪೇಟೆ ಸ್ಟೇಷನ್‌ನಲ್ಲಿ ಇಳಿದರೆ ಆಯ್ತು. ಬರುವಾಗ ಏನೂ ಕಷ್ಟ ಇಲ್ಲ, ವಾಪಸ್ ಹೋಗುವಾಗಲೇ ಕಷ್ಟ. ಎರಡೂ ಕೈಯಲ್ಲಿ ಚೀಲ, ಒಂದರಲ್ಲಿ ಬೆಲೆಬಾಳುವ ರೇಷ್ಮೆ, ಪಕ್ಕದಲ್ಲಿ ಅತ್ತೆ. ಸಂಜೆ ಜನಜಂಗುಳಿಯಲ್ಲಿ ಭಯವಾಗುತ್ತೆ. ಬಿಲ್ ಆದಮೇಲೆ ಮಾಲನ್ನು ಮಾರನೇ ದಿನ ಮನೆಗೆ ತಲುಪಿಸಿದರೆ ಕಾರು ಬೇಕು ಅಂತ ಯಾರೂ ಹಟ ಮಾಡಲ್ಲ.

ಲೈಟಿಂಗ್ ಅಂಗಡಿ, ಬಿವಿಕೆ ಅಯ್ಯಂಗಾರ್ ರಸ್ತೆ:
ಬೆಳಿಗ್ಗೆ ಹತ್ತೂವರೆಗೆ ನಿಮ್ಮ ಬೀದಿಯಲ್ಲಿ ಒಂದು ಸಲ ನಡೆದು ನೋಡಿ ಸಾರ್. ಆಗಿನ್ನೂ ಗಿರಾಕಿ ಬಂದಿರಲ್ಲ. ಆದರೂ ಸ್ಕೂಟರ್‌ಗಳು ಹ್ಯಾಂಡಲ್‌ಗೆ ಹ್ಯಾಂಡಲ್ ತಾಗಿಸಿ ಸಾಲಾಗಿ ನಿಂತಿರುತ್ತವೆ. ಕೆಲವರ ಸೀಟಿನ ಮೇಲೆ ಬಿಸಿಲಿಗೆ ರಟ್ಟು ಹೊದಿಸಿರುತ್ತೆ. ಅಂದರೆ ರಾತ್ರಿವರೆಗೂ ಅಲುಗಾಡಲ್ಲ ಅಂತ ಅರ್ಥ. ಎಲ್ಲ ನಮ್ಮವು, ನಮ್ಮ ಕೆಲಸದವರವು.

ಅಮೆರಿಕದ ಲಾಸ್ ಏಂಜಲೀಸ್ ಹತ್ತಿರ ಓಲ್ಡ್ ಪ್ಯಾಸಡೀನ ಅಂತ ಹಳೇ ಪೇಟೆ ಇದೆ. ಅಲ್ಲೂ ಇದೇ ಕಥೆ. ಅಂಗಡಿ ಕೆಲಸದವರೇ ರಸ್ತೆ ಬದಿ ತುಂಬಿಸಿಬಿಡುತ್ತಿದ್ದರು. ಗಾಡಿ ನಿಲ್ಲಿಸೋಕೆ ಗಂಟೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ಪಾರ್ಕಿಂಗ್ ಮೀಟರ್ ಹಾಕುತ್ತೇವೆ ಅಂದಾಗ ಗಿರಾಕಿ ಓಡಿಹೋಗ್ತಾರೆ ಅಂತ ವ್ಯಾಪಾರಿಗಳು ವಿರೋಧ ಮಾಡಿದರು. ಬಂದ ದುಡ್ಡನ್ನು ಅದೇ ಬೀದಿಗೆ ಖರ್ಚು ಮಾಡುತ್ತೇವೆ ಅಂತ ನಗರಸಭೆ ಮಾತು ಕೊಟ್ಟ ಮೇಲೆ ಒಪ್ಪಿದರು. 1993ರಲ್ಲಿ ಮೀಟರ್ ಬಂತು. ಆ ದುಡ್ಡಲ್ಲಿ ಫುಟ್‌ಪಾತ್, ದೀಪ, ಮರ ಎಲ್ಲ ಆಯ್ತು, ವ್ಯಾಪಾರವೂ ಏರಿತು. ಇದನ್ನು ಅಧ್ಯಯನ ಮಾಡಿದ ಪ್ರೊಫೆಸರ್ ಡೊನಾಲ್ಡ್ ಶೂಪ್ ಹೇಳುತ್ತಿದ್ದದ್ದು ಇಷ್ಟೇ: ಪ್ರತಿ ಬೀದಿಯಲ್ಲೂ ಯಾವಾಗಲೂ ಒಂದೆರಡು ಜಾಗ ಖಾಲಿ ಸಿಗುವ ಹಾಗೆ ದರ ಇಡಿ. ನಮ್ಮಲ್ಲೂ ಆ ದುಡ್ಡು ನಮ್ಮ ಬೀದಿಯ ಚರಂಡಿಗೆ ಬರುತ್ತೆ ಅಂದರೆ ಮೊದಲ ಸಹಿ ನನ್ನದು. ಗುತ್ತಿಗೆದಾರರ ಜೇಬಿಗಾದರೆ ಬೇಡವೇ ಬೇಡ.

ಪೇಟೆ ಸೀರೆ ಅಂಗಡಿ:
ಮನೆಗೆ ತಲುಪಿಸೋದು ಒಳ್ಳೇ ಮಾತು ಅಮ್ಮ. ಜಯನಗರ, ಬಸವನಗುಡಿ ಕಡೆಗೆ ಈ ಸೀಸನ್‌ನಲ್ಲೇ ಶುರು ಮಾಡುತ್ತೇವೆ.

ಸ್ಕೂಟರ್ ವಿಷಯ ನಿಜ ಸಾರ್. ಆದರೆ ನಮ್ಮ ಸೇಲ್ಸ್ ಹುಡುಗಿಯರು ಕಾಮಾಕ್ಷಿಪಾಳ್ಯ, ಲಗ್ಗೆರೆ ಕಡೆಯಿಂದ ಬರುತ್ತಾರೆ. ಬಾಗಿಲು ಹಾಕುವಾಗ ರಾತ್ರಿ ಒಂಬತ್ತು. ಗಂಟೆ ಲೆಕ್ಕದಲ್ಲಿ ದುಡ್ಡು ಕಟ್ಟು ಅಂದರೆ ಅವರ ಸಂಬಳದಲ್ಲಿ ಏನು ಉಳಿಯುತ್ತೆ? ಆ ಭಾರ ಅವರ ಮೇಲೆ ಹಾಕೋಕೆ ನಾನು ಒಪ್ಪಲ್ಲ. ದೂರ ಆಯ್ತು ಅಂತ ಗಿರಾಕಿ ಹೋಗದ ಫ್ರೀಡಂ ಪಾರ್ಕ್‌ಗೆ ನಮ್ಮ ಗಾಡಿಗಳು ಹೋಗಲಿ. ಪಾಸ್ ದುಡ್ಡು ಅಂಗಡಿಯವರೇ ಕಟ್ಟೋಣ. ರಾತ್ರಿ ಹೆಣ್ಣುಮಕ್ಕಳನ್ನು ಅಲ್ಲಿವರೆಗೆ ಬಿಡೋಕೆ ಸಾಲಿಗೊಂದು ಆಟೋ ಗೊತ್ತು ಮಾಡೋಣ. ಒಂದು ಧಾರೆ ಸೀರೆ ಗಿರಾಕಿ ಉಳಿದರೆ ಆ ಖರ್ಚು ಹುಟ್ಟುತ್ತೆ.

ಗೂಡ್ಸ್ ಆಟೋ, ಮಾಮೂಲ್‌ಪೇಟೆ:
ಲೋಡ್ ವಿಷಯ ಮರೀಬೇಡಿ ಅಣ್ಣ. ಮಧ್ಯಾಹ್ನ ಬೇಲ್ ಇಳಿಸೋಕೆ ನಿಂತರೆ ಹಿಂದೆ ಇಡೀ ಬೀದಿ ಹಾರನ್ ಹೊಡೆಯುತ್ತೆ. ನಾವು ಬೆಳಿಗ್ಗೆ ಎಂಟಕ್ಕೇ ಬರೋಕೆ ರೆಡಿ. ಆದರೆ ಅಂಗಡಿ ಬಾಗಿಲು ತೆಗೆಯೋರು ಇರಲ್ಲ.

ಪೇಟೆ ಸೀರೆ ಅಂಗಡಿ:
ಸರಿ ಅಣ್ಣ, ಬೀಗ ತೆಗೆಯೋಕೆ ಸಾಲಿನವರು ಪಾಳಿ ಹಾಕಿಕೊಳ್ಳುತ್ತೇವೆ. ಭಾನುವಾರ ಎಲ್ಲರನ್ನೂ ಸೇರಿಸುತ್ತಿದ್ದೇನೆ. ಫ್ರೀಡಂ ಪಾರ್ಕ್‌ನಲ್ಲಿ ಅಂಗಡಿ ಹೆಸರಿಗೆ ಒಟ್ಟಿಗೆ ತಿಂಗಳ ಪಾಸ್ ಮಾಡಿಸಿದವರು ಇಲ್ಲಿ ಯಾರಾದರೂ ಇದ್ದೀರಾ?