ಪದಚರ್ಚೆ: ಬಲ್ಬಸ್ ಬೌ, ಎಕ್ಸ್-ಬೌ, ರ‍್ಯಾಮ್ – ಕನ್ನಡದಲ್ಲಿ ಏನು?

ಪ್ರಶ್ನೆ (ಮಂಗಳೂರಿನಿಂದ):

ಬಂದರುಗಳ ಬಗ್ಗೆ ಮಕ್ಕಳ ಪುಸ್ತಕವೊಂದರ ಕರಡು ತಿದ್ದುತ್ತಿದ್ದೇನೆ. ಹಡಗಿನ ಮುಂತುದಿಯಲ್ಲಿ, ನೀರಿನಡಿ ಇರುವ ಗೆಡ್ಡೆಯಂಥ ಉಬ್ಬಿಗೆ, ಅಂದರೆ ‘ಬಲ್ಬಸ್ ಬೋ’ಗೆ, ‘ದುಂಡು ಬಿಲ್ಲು’ ಎಂದು ಅನುವಾದವಾಗಿದೆ. ಪಣಂಬೂರಿನ ಹಡಗೊಂದರ ಚಿತ್ರದಲ್ಲಿ ಮುಂಭಾಗದ ಬದಿಗೆ ವೃತ್ತದೊಳಗೆ ಇಂಟು ಗುರುತು ಉಂಟು. ಕೆಳಗೆ ‘ಇದು ಎಕ್ಸ್-ಬೋ ಹಡಗು’ ಎಂಬ ಅಡಿಬರಹ. ಹಳೆಯ ಯುದ್ಧನೌಕೆಗಳು ಗುದ್ದಲು ಬಳಸುತ್ತಿದ್ದ ರ‍್ಯಾಮೇ ಮುಂದೆ ಬಲ್ಬು ಆಯಿತು ಅಂತಲೂ ಇದೆ. ಸರಿಯಾ? ಕನ್ನಡದಲ್ಲಿ ಯಾವ ಪದ ಹಾಕೋಣ?

ಉತ್ತರ (ಮಲ್ಪೆಯಿಂದ):

ಮೊದಲೆರಡು ಶುದ್ಧ ತಪ್ಪು ಮಾರಾಯ್ರೇ, ಮೂರನೆಯದನ್ನು ಹಾಗೆ ಬರೆಯಬಾರದು.

ಹಡಗಿನ ಮೂತಿ ‘ಬೌ’, ಬಿಲ್ಲಿನದ್ದು ‘ಬೋ’. ಇಂಗ್ಲಿಷಿನಲ್ಲಿ ಅಕ್ಷರ ಒಂದೇ, ಮೂಲ ಬೇರೆ. ಬಿಲ್ಲಿನ ಪದ ಬಂದದ್ದು ಬಾಗುವುದರಿಂದ. ಹಡಗಿನದ್ದು ಡಚ್, ಕೆಳ ಜರ್ಮನ್ ಕಡೆಯದು, ಅಲ್ಲಿ ಅದಕ್ಕೆ ಹೆಗಲು ಎಂಬ ಅರ್ಥ.

ವೃತ್ತದ ಇಂಟು ಗುರುತಿಗೂ ಮೂತಿಯ ಆಕಾರಕ್ಕೂ ಸಂಬಂಧವಿಲ್ಲ. ಅದರ ನೇರ ಕೆಳಗೆ, ನೀರಿನಡಿ, ಅಡ್ಡ ಕೊಳವೆಯೊಳಗೆ ಪ್ರೊಪೆಲ್ಲರ್ ಇದೆ ಎಂದು ದೊಡ್ಡ ಹಡಗುಗಳನ್ನು ಎಳೆಯುವ, ತಳ್ಳುವ ಟಗ್‌ನವರಿಗೂ ದೋಣಿಯವರಿಗೂ ಎಚ್ಚರಿಕೆ ಅದು. ಬೌ ಥ್ರಸ್ಟರ್ ಅನ್ನುತ್ತಾರೆ. ದಕ್ಕೆಗೆ ತಾಗುವಾಗ ಮೂತಿಯನ್ನು ಪಕ್ಕಕ್ಕೆ ಸರಿಸಲು. ಬಲ್ಬಿಗೆ ಬೇರೆಯೇ ಗುರುತು, ಮೇಲಿನ ಅಡ್ಡಗೆರೆ ಇಲ್ಲದ 5ರ ಹಾಗೆ. ಸರಕು ತುಂಬಿದ ಹಡಗಿನಲ್ಲಿ ಬಲ್ಬು ಪೂರ್ತಿ ಮುಳುಗಿ, ಕಣ್ಣಿಗೆ ಕಾಣದೆ ಮುಂದೆ ಚಾಚಿರುತ್ತದೆ. ಆ ಗುರುತು ನೋಡದೆ ಮೂತಿಯ ಹತ್ತಿರ ಬಂದ ದೋಣಿಗೆ ಅಪಾಯ.

ಇನ್ನು ಬಲ್ಬಿನ ಕೆಲಸ. ಹಡಗು ನೀರು ಸೀಳುವಾಗ ಮೂತಿಯಲ್ಲಿ ಅಲೆ ಏಳುತ್ತದೆ. ಅದನ್ನೆಬ್ಬಿಸಲು ಎಂಜಿನ್ನಿನ ಶಕ್ತಿ ಪೋಲು. ಬಲ್ಬು ತುಸು ಮುಂದೆ ತನ್ನದೇ ಒಂದು ಅಲೆ ಎಬ್ಬಿಸುತ್ತದೆ. ಇದರ ತಗ್ಗು ಅದರ ಉಬ್ಬಿನ ಮೇಲೆ ಬಿದ್ದರೆ ಅಲೆ ತಗ್ಗುತ್ತದೆ. ದೊಡ್ಡ ಹಡಗಿಗೆ ಶೇ. 12–15ರಷ್ಟು ಇಂಧನ ಉಳಿಯುವುದುಂಟು. ಆದರೆ ಲೆಕ್ಕ ಕೂಡಿಬರುವುದು ವಿನ್ಯಾಸದ ವೇಗದಲ್ಲಿ, ವಿನ್ಯಾಸದಷ್ಟೇ ಮುಳುಗಿದ್ದಾಗ. ಅದಿರಿನ ಪೆಲೆಟ್ ತುಂಬಿಸಿಕೊಳ್ಳಲು ಖಾಲಿ ಬರುವ ಹಡಗನ್ನು ನೋಡಿ: ಅರ್ಧ ಬಲ್ಬು ಮೇಲೆದ್ದು ನೀರನ್ನು ಸುಮ್ಮನೆ ನೂಕಿ ನೊರೆ ಮಾಡುತ್ತಿರುತ್ತದೆ. ಆಗ ಲಾಭದ ಬದಲು ನಷ್ಟ. 2008ರ ನಂತರ ಕಂಟೇನರ್ ಹಡಗುಗಳು ಇಂಧನ ಉಳಿಸಲು ನಿಧಾನ ಓಡತೊಡಗಿದವಲ್ಲ, ಆಗ ಹೆಚ್ಚಿನ ವೇಗಕ್ಕೆಂದು ಮಾಡಿದ್ದ ಬಲ್ಬುಗಳನ್ನು ಹಲವರು ಕತ್ತರಿಸಿ ತೆಗೆದು ಬೇರೆ ಬೆಸೆದದ್ದು ಇದೇ ಕಾರಣಕ್ಕೆ.

ರ‍್ಯಾಮ್ ಕೂಡ ನೀರಿನಡಿ ಮುಂದೆ ಚಾಚಿರುತ್ತದೆ, ಗೊಂದಲ ಅಲ್ಲಿಂದ. ಅದರ ಉದ್ದೇಶ ಎದುರಾಳಿಯ ಹೊಟ್ಟೆ ಬಗೆಯುವುದು. 1866ರ ಲಿಸ್ಸಾ ಕಾಳಗದಲ್ಲಿ ಆಸ್ಟ್ರಿಯಾದ ನೌಕೆಯೊಂದು ಇಟಲಿಯ ‘ರೆ ದಿತಾಲಿಯಾ’ವನ್ನು ಗುದ್ದಿ ಮುಳುಗಿಸಿದ ಮೇಲೆ ದಶಕಗಳ ಕಾಲ ಎಲ್ಲ ನೌಕಾಪಡೆಗಳಿಗೂ ಇದರ ಹುಚ್ಚು. 1893ರಲ್ಲಿ ಬ್ರಿಟಿಷರ ‘ಕ್ಯಾಂಪರ್‌ಡೌನ್’ ಕವಾಯತಿನ ನಡುವೆ ತಮ್ಮದೇ ‘ವಿಕ್ಟೋರಿಯಾ’ವನ್ನು ಗುದ್ದಿ 358 ಮಂದಿ ಸತ್ತರು. ಬಲ್ಬು ಬಂದದ್ದು ಅಲೆಯ ಲೆಕ್ಕದಿಂದ: ಮೊದಲು ಅಮೆರಿಕದ ನೌಕಾಪಡೆಯ ವಿನ್ಯಾಸಕಾರ ಡೇವಿಡ್ ಟೇಲರ್ ಅವರ ಕೆಲಸ, 1910ರಲ್ಲಿ ಸೇವೆಗೆ ಸೇರಿದ ಯುದ್ಧನೌಕೆ ‘ಡೆಲವೇರ್’, ಆಮೇಲೆ 1929ರಲ್ಲಿ ಜರ್ಮನಿಯ ಪ್ರಯಾಣಿಕ ಹಡಗು ‘ಬ್ರೆಮೆನ್’, ಸರಕು ಹಡಗುಗಳಿಗೆ ಅದು ಸಾಮಾನ್ಯವಾಗುವ ಮೊದಲು ಜಪಾನಿನ ತಕಾವೊ ಇನುಯಿ ಅವರ ಸಂಶೋಧನೆ.

ಪದಕ್ಕೆ ಬಂದರೆ, ಬೌ ‘ಮೂತಿ’ಯೇ ಸಾಕು. ‘ಊದಿದ ಮೂತಿ’ ಎಂದರೆ ಹಡಗು ಮುನಿಸಿಕೊಂಡ ಹಾಗಾಗುತ್ತದೆ, ಆದ್ದರಿಂದ ‘ಗೆಡ್ಡೆಮೂತಿ’. ರ‍್ಯಾಮಿಗೆ ‘ಗುದ್ದುಮೂತಿ’. ಮಲ್ಪೆಯ ಯಾರ್ಡಿನಲ್ಲಿ ಟಗ್ ನೋಡಿದವರಿಗೆ ಒಂದು ಮಾತು: ಅದರ ಮೂತಿಗೆ ಕಟ್ಟಿದ ದಪ್ಪ ರಬ್ಬರು ಇವೆರಡೂ ಅಲ್ಲ, ದೊಡ್ಡ ಹಡಗನ್ನು ಒತ್ತಿ ತಳ್ಳಲು.

ಸೇರಿಕೆ (ಉಡುಪಿಯಿಂದ):

‘ಮೂತಿ’ ತುಸು ಒರಟು ಅನ್ನುವವರು ಮಲಯಾಳದ ‘ಅಣಿಯಂ’ ತರಬಹುದು. ಅಲ್ಲಿ ದೋಣಿಯ ಮುಂತುದಿ ಅಣಿಯಂ, ಹಿಂತುದಿ ಅಮರಂ. ಆದರೆ ಕನ್ನಡದವರಿಗೆ ‘ಅಣಿ’ ಎಂದರೆ ತಯಾರು. ನನ್ನ ಮತವೂ ಮೂತಿಗೇ.

ಎಕ್ಸ್-ಬೌ ನಾರ್ವೆಯ ಉಲ್‌ಸ್ಟೈನ್ ಕಂಪನಿಯ ವಿನ್ಯಾಸದ ಹೆಸರು, ಅನುವಾದ ಬೇಡ. 2006ರ ‘ಬೂರ್ಬೋನ್ ಓರ್ಕಾ’ದಲ್ಲಿ ಮೊದಲು ಬಂತು. ಮೂತಿ ಮೇಲಕ್ಕೆ ಹೋದಂತೆ ಹಿಂದಕ್ಕೆ ವಾಲುತ್ತದೆ. ಅಲೆ ಹತ್ತಿ ದಡಾರನೆ ಬೀಳುವ ಬದಲು ಅದರೊಳಗೆ ನುಗ್ಗುತ್ತದೆ. ಹಾಗಾಗಿ ಬಡಿತ, ಕಂಪನ ಕಡಿಮೆ. ವರ್ಣನೆ ಬೇಕಾದರೆ ‘ಹಿಂವಾಲು ಮೂತಿ’.

ಡಚ್ಚರ ಆಕ್ಸ್ ಬೌ ಇನ್ನೊಂದು, ‘ಕೊಡಲಿಮೂತಿ’ ಎನ್ನಬಹುದು. ಕಡಿದಾದ, ಸಪೂರ ಮೂತಿ. ಬುಡ ಆಳಕ್ಕೆ ಇಳಿದಿರುವುದರಿಂದ ಅಲೆಯಲ್ಲೂ ನೀರು ಬಿಟ್ಟು ಮೇಲೇಳದು. ವೇಗದ ಗಸ್ತು ದೋಣಿಗಳಿಗೆ ಹೇಳಿಸಿದ್ದು. ಎಕ್ಸ್, ಆಕ್ಸ್ ಎರಡನ್ನೂ ಅಚ್ಚಿನಲ್ಲಿ ಕಲಸಬೇಡಿ.

ಅಡಿಬರಹ ಹೀಗೆ ತಿದ್ದಿ: ‘ವೃತ್ತದ ಗುರುತು: ಕೆಳಗೆ ಅಡ್ಡ ಪ್ರೊಪೆಲ್ಲರ್ ಇದೆ, ದೂರವಿರಿ.’ ಚಿತ್ರದಲ್ಲಿ ಅದರ ಮುಂದೆ 5ರಂಥ ಗುರುತೂ ಇದ್ದರೆ ಗೆಡ್ಡೆಮೂತಿಯನ್ನು ಅದೇ ಪುಟದಲ್ಲಿ ವಿವರಿಸಬಹುದು.