ಗೇಟಲ್ಲಿ ಆಂಬುಲೆನ್ಸ್ ನಿಲ್ಲಿಸೋದು ಬೇಡ: ಭಾನುವಾರಕ್ಕೆ ಮುಂಚೆ ದಯವಿಟ್ಟು ಎಲ್ಲರೂ ಓದಿ

ಮನೆ 41, 3ನೇ ಅಡ್ಡರಸ್ತೆ:
ಎಲ್ಲರಿಗೂ ನಮಸ್ಕಾರ. ಮಂಗಳವಾರ ರಾತ್ರಿ ಅಮ್ಮನಿಗೆ ಉಸಿರು ಕಟ್ಟಿದಂತಾಗಿ 108ಕ್ಕೆ ಫೋನ್ ಮಾಡಿದ್ದು ಕೆಲವರಿಗೆ ಗೊತ್ತು. ಈಗ ಹುಷಾರಾಗಿದ್ದಾರೆ, ವಾರ್ಡಿಗೆ ಹಾಕಿದ್ದಾರೆ. ಆದರೆ ಅವತ್ತು ಗಾಡಿ ಗೇಟಿಗೆ ಬಂದಿದ್ದು 11.20ಕ್ಕೆ, ನಮ್ಮ ಮನೆ ಮುಂದೆ ನಿಂತಿದ್ದು 11.26ಕ್ಕೆ. ನಡೆದರೂ ಎರಡೇ ನಿಮಿಷದ ದಾರಿ. ಸೆಕ್ಯೂರಿಟಿಯವರು ಮನೆ ನಂಬರ್ ಕೇಳಿ, ಆ್ಯಪ್‌ನಲ್ಲಿ ನನ್ನ ಒಪ್ಪಿಗೆ ಬರಲಿ ಅಂತ ಕಾದಿದ್ದಾರೆ. ನನ್ನ ಫೋನು ಮಂಚದ ಮೇಲೆ ಮಿಣುಕುತ್ತಲೇ ಇತ್ತು. ನಾನು ಎರಡೂ ಕೈಯಲ್ಲಿ ಅಮ್ಮನ ಬೆನ್ನು ಹಿಡಿದು ಕೂರಿಸಿಕೊಂಡಿದ್ದೆ. ಕೊನೆಗೆ ಮಗ ಬರಿಗಾಲಲ್ಲಿ ಓಡಿಹೋಗಿ ಗೇಟ್ ತೆಗೆಸಿದ.

ಸೆಕ್ಯೂರಿಟಿಯವರ ಮೇಲೆ ನನಗೆ ಕೋಪ ಇಲ್ಲ. ಒಪ್ಪಿಗೆ ಇಲ್ಲದೆ ಯಾರನ್ನೂ ಬಿಡಬೇಡಿ ಅಂತ ಹೇಳಿಕೊಟ್ಟವರು ನಾವೇ. ಆ ಮಾತನ್ನು ಈ ವಾರವೇ ತಿದ್ದಬೇಕು.

ಮನೆ 7, 1ನೇ ಮುಖ್ಯರಸ್ತೆ:
ಅಮ್ಮ ಬೇಗ ಮನೆಗೆ ಬರಲಿ. ಹೋದ ತಿಂಗಳು ಕೆಂಪು-ನೀಲಿ ಲೈಟು ಹಾಕಿಕೊಂಡ ಬಿಳಿ ಕಾರೊಂದು ಯಾರದೋ ಗೃಹಪ್ರವೇಶಕ್ಕೆ ಬಂದಿತ್ತು. ಗೇಟು ತಕ್ಷಣ ತೆರೆಯಿತು, ಸೆಲ್ಯೂಟೂ ಬಿತ್ತು. ಊಟಕ್ಕೆ ಬಂದವರಿಗೆ ತೆರೆದ ಗೇಟು ರೋಗಿಗೆ ತೆರೆಯಲಿಲ್ಲ ಅನ್ನೋದು ಮನಸ್ಸಿಗೆ ಚುಚ್ಚುತ್ತಿದೆ.

ಮನೆ 18, 2ನೇ ಅಡ್ಡರಸ್ತೆ:
ನಾನು ಸಾರಿಗೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ತುರ್ತು ವಾಹನ ಯಾವುದು ಅಂತ ಗೇಟಿನಲ್ಲಿ ನಿಂತವರು ಊಹಿಸಬೇಕಾಗಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 194ಇ ಅನ್ನೋ ಕಲಂ ಸೇರಿತು. ಅದು ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಎರಡನ್ನೂ ಹೆಸರು ಹಿಡಿದೇ ಹೇಳುತ್ತದೆ. ಮೂರನೆಯದು, ರಾಜ್ಯ ಸರ್ಕಾರ ನಿರ್ದಿಷ್ಟಪಡಿಸುವ ಬೇರೆ ತುರ್ತು ವಾಹನ. ಅಂದರೆ ಮೊದಲ ಎರಡಕ್ಕೆ ಯಾರ ಆದೇಶಕ್ಕೂ ಕಾಯಬೇಕಿಲ್ಲ. ಉಳಿದದ್ದನ್ನು ಸೇರಿಸುವ ಅಧಿಕಾರ ರಾಜ್ಯದ್ದು. ಪಕ್ಕಕ್ಕೆ ಸರಿದು ದಾರಿ ಬಿಡದ ಚಾಲಕನಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ ಅಂತ ಕಾಯ್ದೆಯಲ್ಲಿದೆ. ಅದು ಗಾಡಿ ಓಡಿಸುವವರಿಗೆ ಬರೆದದ್ದು, ಗೇಟಿಗಲ್ಲ. ಹಾಗಂತ ನಾವು ಅದರ ಮರೆಯಲ್ಲಿ ನಿಲ್ಲೋದು ಸರಿಯಲ್ಲ.

ಆ ಬಿಳಿ ಕಾರಿನ ವಿಷಯ. ಗಣ್ಯರ ಕಾರುಗಳ ಕೆಂಪು ದೀಪ 2017ರ ಮೇ 1ಕ್ಕೆ ಹೋಯಿತು. ಕೆಂಪು, ನೀಲಿ, ಬಿಳಿ ಬಣ್ಣದ ದೀಪ ಈಗ ಬೆಂಕಿ ನಂದಿಸುವವರಿಗೆ, ಕಾನೂನು ಸುವ್ಯವಸ್ಥೆ ನೋಡುವ ಪೊಲೀಸ್ ಮತ್ತು ಸೇನಾ ಪಡೆಗಳಿಗೆ, ಪ್ರವಾಹ, ಭೂಕಂಪದಂಥ ವಿಪತ್ತು ನಿರ್ವಹಿಸುವವರಿಗೆ, ಅದೂ ಕೆಲಸದ ಮೇಲಿದ್ದಾಗ ಮಾತ್ರ. ಅನುಮತಿ ಪಡೆದ ಗಾಡಿಯ ಮುಂದಿನ ಗಾಜಿನ ಮೇಲೆ ರಾಜ್ಯ ಸಾರಿಗೆ ಇಲಾಖೆಯ ಸ್ಟಿಕ್ಕರ್ ಇರಬೇಕು. ಅಂಗಡಿಯಲ್ಲಿ ಲೈಟು ಕೊಂಡು ಹಾಕಿಕೊಂಡ ಮಾತ್ರಕ್ಕೆ ಯಾವ ಕಾರೂ ತುರ್ತು ವಾಹನ ಆಗಲ್ಲ.

ಮನೆ 63, 5ನೇ ಅಡ್ಡರಸ್ತೆ:
ಸರ್, ಖಾಸಗಿ ಆಂಬುಲೆನ್ಸ್? ನಮ್ಮ ಮಾವನನ್ನು ಡಯಾಲಿಸಿಸ್‌ಗೆ ಕರ್ಕೊಂಡು ಹೋಗೋದು ಒಂದು ಹಳೇ ಓಮ್ನಿ. ಸೈರನ್ ಹಾಕಲ್ಲ. ಕರೆಂಟ್ ರಿಪೇರಿ ಗಾಡಿಗೂ ಬಿಡಬೇಕಾ?

ಮನೆ 18, 2ನೇ ಅಡ್ಡರಸ್ತೆ:
ಆಂಬುಲೆನ್ಸ್ ಸರ್ಕಾರದ್ದಾದರೂ ಖಾಸಗಿಯದಾದರೂ ಆಂಬುಲೆನ್ಸೇ. ರೋಗಿಯನ್ನು ಕರೆದೊಯ್ಯುವ ಸಾದಾ ಗಾಡಿ, ಐಸಿಯು ಸೌಲಭ್ಯದ ದೊಡ್ಡ ಗಾಡಿ, ಎಲ್ಲಕ್ಕೂ ನಿಯಮದಲ್ಲಿ ಬೇರೆ ಬೇರೆ ದರ್ಜೆ ಇದೆ. ಡಯಾಲಿಸಿಸ್ ಓಮ್ನಿಗೆ ಖಾಯಂ ಪಾಸ್ ಕೊಡೋಣ. ಕರೆಂಟಿನವರ ಗಾಡಿ ಕಾನೂನಿನಲ್ಲಿ ಎಲ್ಲಿ ಬರುತ್ತೆ ಅನ್ನೋದು ಆಮೇಲಿನ ಮಾತು. ತಂತಿ ಹರಿದು ಬಿದ್ದಾಗ ನಾವು ಒಟಿಪಿ ಕೇಳ್ತೀವಾ?

ಮನೆ 29, 4ನೇ ಅಡ್ಡರಸ್ತೆ:
ಕಳ್ಳರು ಆಂಬುಲೆನ್ಸ್ ಅಂತ ಬಂದರೆ? ಎರಡು ಮನೆ ಕಳ್ಳತನ ಆದಮೇಲೆ ತಾನೇ ಆ್ಯಪ್ ಹಾಕಿಸಿದ್ದು.

ಮನೆ 41, 3ನೇ ಅಡ್ಡರಸ್ತೆ:
ನಿಮ್ಮ ಭಯ ಸುಳ್ಳಲ್ಲ, ಕಳ್ಳತನವಾದ ಒಂದು ಮನೆ ನಮ್ಮ ಪಕ್ಕದ್ದೇ. ಅದಕ್ಕೆ ಗೇಟು ಮೊದಲು ತೆರೆಯಲಿ, ನಂಬರ್ ಆಮೇಲೆ ಬರೆದುಕೊಳ್ಳಲಿ. ಕ್ಯಾಮೆರಾ ಇದೆ. ಒಬ್ಬರು ಸೈಕಲ್‌ನಲ್ಲಿ ಜೊತೆಗೆ ಬಂದರೆ ಮನೆ ತೋರಿಸಿದಂತೆಯೂ ಆಯಿತು. ಅವತ್ತು ಗೇಟು ದಾಟಿದ ಮೇಲೂ ಡ್ರೈವರ್ 3ನೇ ಅಡ್ಡರಸ್ತೆ ಹುಡುಕಿದ್ದಾರೆ. ಬೋರ್ಡನ್ನು ಬೋಗನ್‌ವಿಲ್ಲಾ ಮುಚ್ಚಿಕೊಂಡಿದೆ.

ಇನ್ನೊಂದು. ಲಾರಿ ಬಾರದಿರಲಿ ಅಂತ ಹಿಂದಿನ ಗೇಟಿಗೆ ಹಾಕಿರುವ ಕಬ್ಬಿಣದ ಅಡ್ಡಪಟ್ಟಿ ನಿನ್ನೆ ಟೇಪ್ ಹಿಡಿದು ಅಳೆದೆ. 9 ಅಡಿ 2 ಇಂಚು. ಅಗ್ನಿಶಾಮಕ ವಾಹನ ಅದರ ಕೆಳಗೆ ತೂರುತ್ತೆ ಅಂತ ನನಗೆ ನಂಬಿಕೆ ಇಲ್ಲ. ಅಗ್ನಿಶಾಮಕ ಠಾಣೆಗೆ ಪತ್ರ ಕೊಟ್ಟು, ಒಮ್ಮೆ ಗಾಡಿ ತಂದು ಒಳಗೆ ತಿರುಗಿಸಿ ನೋಡಿ ಅಂತ ಕೇಳೋಣ. 5ನೇ ಅಡ್ಡರಸ್ತೆಯಲ್ಲಿ ಎರಡೂ ಬದಿ ಕಾರು ನಿಲ್ಲಿಸುವವರು ಆವತ್ತು ದಯವಿಟ್ಟು ತೆಗೆಯಬೇಡಿ. ದಿನಾ ಹೇಗಿರುತ್ತೋ ಹಾಗೇ ಅವರು ನೋಡಬೇಕು.

ಭಾನುವಾರ 10 ಗಂಟೆಗೆ ಗೇಟಿನ ಹತ್ತಿರ ಸೇರೋಣ. ಸೆಕ್ಯೂರಿಟಿಯವರೂ ಕೂತು ಮಾತಾಡಲಿ. ಬೆಂಕಿ ಗಾಡಿ, ಆಂಬುಲೆನ್ಸ್, ಪೊಲೀಸ್: ತಡೆಯಬೇಡಿ ಅಂತ ಕನ್ನಡ, ಹಿಂದಿ ಎರಡರಲ್ಲೂ ಬರೆಸಿದ ಬೋರ್ಡು ನಾನು ತರ್ತೀನಿ.

ಮನೆ 29, 4ನೇ ಅಡ್ಡರಸ್ತೆ:
ಒಪ್ಪಿಗೆ. ಠಾಣೆಗೆ ಪತ್ರ ನಾನೇ ಕೊಟ್ಟು ಬರ್ತೀನಿ.

ಮನೆ 7, 1ನೇ ಮುಖ್ಯರಸ್ತೆ:
ಬೋಗನ್‌ವಿಲ್ಲಾ ಸವರೋಕೆ ಏಣಿ, ಕತ್ತರಿ ನಮ್ಮನೆಯಿಂದ.