ತುರ್ತು ಪಾರ್ಸೆಲ್ ಬಂದ ಸೂಚನೆ ಗಂಟೆಗಟ್ಟಲೆ ತಡವಾಗುತ್ತಿದೆ, ಕಾರಣ ತಿಳಿಯುತ್ತಿಲ್ಲ

ಆವಕವಹಿ:
ನಮಸ್ಕಾರ. ನಾನು ಕಚೇರಿಯೊಂದರ ಟಪಾಲು ವಿಭಾಗವನ್ನು ನೋಡಿಕೊಳ್ಳುತ್ತೇನೆ. ಪಾರ್ಸೆಲ್ ಕೈಗೆ ಬಂದ ಕೂಡಲೇ ನಾವು ಸ್ಕ್ಯಾನ್ ಮಾಡುತ್ತೇವೆ. ಅದು ಯಾರ ಹೆಸರಿಗೆ ಬಂದಿದೆಯೋ ಅವರಿಗೆ ತಂತ್ರಾಂಶವೇ ಇಮೇಲ್ ಕಳುಹಿಸಬೇಕು. ಸಾಮಾನ್ಯ ಪಾರ್ಸೆಲ್‌ಗಳ ಬಗ್ಗೆ ಯಾರಿಂದಲೂ ದೂರಿಲ್ಲ, ಆದರೆ ತುರ್ತಿನವುಗಳ ಸೂಚನೆ ಮಾತ್ರ ತಡವಾಗಿ ಹೋಗುತ್ತಿದೆ. ನಿನ್ನೆ ಡ್ರೈ ಐಸ್ (ಘನರೂಪದ ಇಂಗಾಲದ ಡೈಆಕ್ಸೈಡ್) ತುಂಬಿದ ಪೆಟ್ಟಿಗೆಯೊಂದು ಬೆಳಿಗ್ಗೆ 9.10ಕ್ಕೆ ಬಂದರೆ ಪ್ರಯೋಗಾಲಯದವರಿಗೆ ಇಮೇಲ್ ಹೋದದ್ದು 12.40ಕ್ಕೆ. ಬೈಸಿಕೊಂಡವನು ನಾನು. ತಂತ್ರಾಂಶವನ್ನು ಎರಡು ಬಾರಿ ತೆಗೆದು ಮತ್ತೆ ಹಾಕಿದರೂ ಫಲವಿಲ್ಲ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಕೆಂಪುಚೀಟಿ:
ಇದು ಖಂಡಿತವಾಗಿಯೂ ಮೇಲ್ ಸರ್ವರ್‌ನ ಕೆಲಸ. ಪರಿಚಯವಿಲ್ಲದ ಕಳುಹಿಸುವವರನ್ನು ಮೊದಲ ಸಲ ಹಿಂದಕ್ಕೆ ಕಳುಹಿಸಿ, ಮತ್ತೆ ಪ್ರಯತ್ನಿಸಿದಾಗ ಒಳಗೆ ಬಿಡುವ ಗ್ರೇಲಿಸ್ಟಿಂಗ್ ಎಂಬ ವ್ಯವಸ್ಥೆಯಿದೆ. ಇಮೇಲ್‌ನ ಹೆಡರ್ ತೆರೆದು ನೋಡಿರಿ. ದಾರಿಯ ಪ್ರತಿ ಸರ್ವರ್ ತನ್ನ ಸಮಯವನ್ನು ಅಲ್ಲಿ ಬರೆದಿರುತ್ತದೆ.

ಆವಕವಹಿ:
ನೋಡಿದೆ. ನಮ್ಮ ತಂತ್ರಾಂಶದಿಂದ ಹೊರಟದ್ದೇ 12.39ಕ್ಕೆ, ತಲುಪಿದ್ದು ಒಂದೇ ನಿಮಿಷದಲ್ಲಿ.

ಕೆಂಪುಚೀಟಿ:
ಹಾಗಾದರೆ ಹೊರಡುವ ಮೊದಲೇ ಸಾಲಿನಲ್ಲಿ ನಿಂತಿರಬೇಕು. ಸ್ಪ್ಯಾಮ್ ಪಟ್ಟಿಯನ್ನೂ ಒಮ್ಮೆ ಪರಿಶೀಲಿಸಿರಿ.

ಕಪಾಟು:
ಮೇಲ್ ತನ್ನ ಕೆಲಸವನ್ನು ಸರಿಯಾಗಿ ಮಾಡಿದೆ ಎಂದು ಅವರೇ ಹೇಳಿದ ಮೇಲೂ ಅದನ್ನೇ ಹಿಡಿದು ಕೂರುವುದೇಕೆ? ಲೇಬಲ್ ನೋಡಿರಿ. ಒಂದೇ ಲೇಬಲ್‌ನಲ್ಲಿ ಹಲವು ಬಾರ್‌ಕೋಡ್‌ಗಳಿರುತ್ತವೆ. ಯುಪಿಎಸ್ ಎಂಬ ಕೊರಿಯರ್ ಕಂಪನಿಯ ಲೇಬಲ್‌ನಲ್ಲಿ ‘1ಝಡ್’ ಎಂದು ಆರಂಭವಾಗುವ 18 ಅಕ್ಷರಗಳ ಟ್ರ್ಯಾಕಿಂಗ್ ಸಂಖ್ಯೆಯ ಜೊತೆಗೆ, ನಡುವೆ ಗುರಿಹಲಗೆಯಂಥ ವೃತ್ತಗಳಿರುವ ಮ್ಯಾಕ್ಸಿಕೋಡ್ ಕೂಡ ಇರುತ್ತದೆ. ಸ್ಕ್ಯಾನರ್ ತಪ್ಪಾದ ಕೋಡನ್ನು ಓದಿದರೆ ಹೆಸರು ಹೊಂದಾಣಿಕೆಯಾಗದೆ ದಾಖಲೆ ಬಾಕಿ ಉಳಿಯುತ್ತದೆ.

ಕೆಂಪುಚೀಟಿ:
ಅವರದು ಲೇಸರ್ ಸ್ಕ್ಯಾನರ್ ಆಗಿದ್ದರೆ ಮ್ಯಾಕ್ಸಿಕೋಡನ್ನು ಓದುವುದೇ ಇಲ್ಲ. ಗೆರೆಗಳ ಕೋಡನ್ನಷ್ಟೇ ಓದುತ್ತದೆ. ನಿಮ್ಮ ಊಹೆ ಅಲ್ಲಿಗೇ ಮುಗಿಯಿತು.

ಕಪಾಟು:
ಲೇಸರ್ ಎಂದು ಅವರು ಎಲ್ಲಿಯೂ ಹೇಳಿಲ್ಲ. ನಾನಂತೂ ಕ್ಯಾಮೆರಾ ಮಾದರಿಯದನ್ನೇ ಬಳಸುತ್ತೇನೆ. ತುರ್ತಿನವುಗಳಿಗೆ ಬಾಗಿಲ ಬಳಿ ಕೆಂಪು ಪಟ್ಟಿಯ ಪ್ರತ್ಯೇಕ ಕಪಾಟು, ಪ್ರತಿ ಖಾನೆಗೂ ಸಂಖ್ಯೆ, ಒಯ್ದವರ ಸಹಿಗೆ ಟ್ಯಾಬ್ಲೆಟ್, ಇವೆಲ್ಲವನ್ನೂ ನಾನೇ ಜೋಡಿಸಿದ್ದೇನೆ.

ಮುದ್ರೆ:
ಕಪಾಟಿನ ವರ್ಣನೆ ಚೆನ್ನಾಗಿದೆ, ಆದರೆ ಮುಖ್ಯ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಆವಕವಹಿಯವರೇ, ತುರ್ತು ಪಾರ್ಸೆಲ್ಲನ್ನು ಸ್ಕ್ಯಾನ್ ಮಾಡುವುದು ಯಾವ ಜಾಗದಲ್ಲಿ? ತಂತ್ರಾಂಶದಲ್ಲಿ ಸ್ಕ್ಯಾನ್ ಆದ ಸಮಯ ಮತ್ತು ದಾಖಲಾದ ಸಮಯ ಎಂಬ ಎರಡು ಅಂಕಣಗಳಿದ್ದರೆ ಎರಡನ್ನೂ ತಿಳಿಸಿರಿ.

ಆವಕವಹಿ:
ಸ್ಕ್ಯಾನ್ 9.12, ದಾಖಲು 12.38. ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ತುರ್ತಿನವು ಬೆಳಿಗ್ಗೆ ನೆಲಮಾಳಿಗೆಯ ಹಿಂಬಾಗಿಲಿಗೆ ಬರುತ್ತವೆ, ಅಲ್ಲಿಯೇ ಸ್ಕ್ಯಾನ್ ಮಾಡಿ ಸಹಿ ಹಾಕುತ್ತೇವೆ. ಸಾಮಾನ್ಯ ಪಾರ್ಸೆಲ್‌ಗಳ ಮೂಟೆ ಮಧ್ಯಾಹ್ನ ನೇರವಾಗಿ ನಮ್ಮ ಕೋಣೆಗೇ ಬರುತ್ತದೆ. ಊಟಕ್ಕೆ ಹೋಗುವಾಗ ಸ್ಕ್ಯಾನರನ್ನು ಚಾರ್ಜಿಂಗ್ ಸ್ಟ್ಯಾಂಡಿನಲ್ಲಿ ಇಡುತ್ತೇವೆ. ಎಲ್ಲ ಕಡೆಯೂ ಹೀಗೆಯೇ ಇರುತ್ತದೆ ಎಂದುಕೊಂಡು ಇದನ್ನು ಬರೆದಿರಲಿಲ್ಲ.

ಮುದ್ರೆ:
ದೋಷ ಅಲ್ಲಿಯೇ ಇದೆ. ನೆಲಮಾಳಿಗೆಗೆ ವೈಫೈ ತಲುಪುತ್ತಿಲ್ಲ. ಸಂಪರ್ಕ ಸಿಗದಾಗ ನಿಮ್ಮ ಸ್ಕ್ಯಾನರ್ ಓದಿದ್ದನ್ನು ತನ್ನ ನೆನಪಿನಲ್ಲಿ ಇಟ್ಟುಕೊಂಡು, ಸ್ಟ್ಯಾಂಡಿಗೆ ಬಂದ ಮೇಲಷ್ಟೇ ಒಟ್ಟಾಗಿ ಕಳುಹಿಸುತ್ತಿದೆ. ನಾಳೆ ಮೊದಲ ಪಾರ್ಸೆಲ್ ಸ್ಕ್ಯಾನ್ ಮಾಡಿದ ಕೂಡಲೇ ಮೇಲೆ ಬಂದು ಸ್ಟ್ಯಾಂಡಿನಲ್ಲಿಟ್ಟು ನೋಡಿರಿ. ಇನ್ನೊಂದು ಮಾತು: ಡ್ರೈ ಐಸ್ ಸುಮಾರು ಮೈನಸ್ 78.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೇರವಾಗಿ ಇಂಗಾಲದ ಡೈಆಕ್ಸೈಡ್ ಅನಿಲವಾಗುತ್ತದೆ. ಒಳಗೆ ಡ್ರೈ ಐಸ್ ಇದೆ ಎಂದು ತಿಳಿಸುವ ‘ಯುಎನ್ 1845’ ಎಂಬ ಗುರುತಿರುವ ಪೆಟ್ಟಿಗೆಗಳನ್ನು ಗಾಳಿಯಾಡದ ನೆಲಮಾಳಿಗೆಯಲ್ಲಿ ಬಿಡಲೇಬೇಡಿರಿ; ಇಮೇಲ್‌ಗೆ ಕಾಯದೆ ಫೋನ್ ಮಾಡಿರಿ.

ಕಪಾಟು:
ಸ್ಕ್ಯಾನರ್ ಬದಲು ಮೊಬೈಲ್ ಆಪ್ ಬಳಸಬಹುದಲ್ಲ?

ಮುದ್ರೆ:
ವೈಫೈ ಇಳಿಯದ ಕಡೆ ಮೊಬೈಲ್ ಸಿಗ್ನಲ್ ಇಳಿಯುತ್ತದೆ ಎಂಬ ಭರವಸೆ ಏನು?

ಆವಕವಹಿ:
ಇಂದು ಬೆಳಿಗ್ಗೆ ಮೊದಲ ಪೆಟ್ಟಿಗೆಯೊಡನೆ ತಕ್ಷಣ ಮೇಲೆ ಬಂದೆ. ಸ್ಕ್ಯಾನ್ 9.05, ಇಮೇಲ್ 9.11. ಆದರೆ ಪ್ರತಿ ಪೆಟ್ಟಿಗೆಗೂ ಮೆಟ್ಟಿಲು ಹತ್ತಿ ಇಳಿಯುವುದು ನನ್ನೊಬ್ಬನಿಂದ ಆಗದ ಕೆಲಸ. ಕೆಳಗೂ ವೈಫೈ ಸಿಗುವಂತೆ ಆಕ್ಸೆಸ್ ಪಾಯಿಂಟ್ ಹಾಕಿಸಿಕೊಡಿ ಎಂದು ನೆಟ್‌ವರ್ಕ್ ವಿಭಾಗಕ್ಕೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಕೆಂಪುಚೀಟಿ:
ಬಹುಶಃ ಸ್ಪ್ಯಾಮ್‌ಗೆ ಹೋಗಿರಬೇಕು.